ಚೌಕಾಸಿ ಮಾಡದ ಪಾರ್ಟಿ

ಲೋಗೋ, ಬ್ರೋಷರ್, ಮದುವೆ ಕಾರ್ಡು, ಅಂಗಡಿ ಬೋರ್ಡು, ಪ್ಯಾಕೆಟ್ ಲೇಬಲ್ಲು, ಪುಸ್ತಕದ ಮುಖಪುಟ. ಮನೆಯಲ್ಲೇ ಕೂತು ಇಂಥ ಡಿಸೈನ್ ಕೆಲಸ ಮಾಡುತ್ತಾ ಹನ್ನೊಂದು ವರ್ಷ ಆಯಿತು. ಇಷ್ಟು ವರ್ಷದಲ್ಲಿ ರೇಟು ಕೇಳಿ ಮರುಮಾತಾಡದೆ "ಆಯ್ತು" ಅಂದ ಪಾರ್ಟಿ ಸಿಕ್ಕಿದ್ದು ಒಬ್ಬನೇ. ನನಗೆ 14,000 ರೂಪಾಯಿ ಟೋಪಿ ಹಾಕಿದ್ದೂ ಅವನೇ.

ವಾಟ್ಸಾಪಲ್ಲಿ ಬಂದವನು. ಸಾವಯವ ಆಹಾರದ ಹೊಸ ಕಂಪನಿ, ಹನ್ನೆರಡು ಪ್ಯಾಕೆಟ್‌ಗೆ ಲೇಬಲ್ ಬೇಕು ಅಂದ. ಹೇಗೂ ಇಳಿಸುತ್ತಾನೆ ಅಂತ ನಾನು 36,000 ಹೇಳಿದೆ. ಇಪ್ಪತ್ತೈದಕ್ಕೆ ಒಪ್ಪಿಕೊಳ್ಳೋಣ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದ್ದೆ. "ನೋ ಪ್ರಾಬ್ಲಂ ಸರ್, ಪೂರ್ತಿ ಅಡ್ವಾನ್ಸ್ ಹಾಕ್ತೀವಿ" ಅಂತ ಉತ್ತರ ಬಂತು. ಅರ್ಧ ಗಂಟೆಯಲ್ಲಿ ಒಂದು ಸ್ಕ್ರೀನ್‌ಶಾಟ್: 50,000 ಪೇಯ್ಡ್. ಹಿಂದೆಯೇ "ಕ್ರೆಡಿಟೆಡ್" ಅಂತ ಎಸ್ಸೆಮ್ಮೆಸ್. ಅದರ ಹಿಂದೆಯೇ ಫೋನು. "ಸರ್, ನಮ್ಮ ಅಕೌಂಟ್ಸ್ ಹುಡುಗ ತಪ್ಪಾಗಿ 14,000 ಜಾಸ್ತಿ ಹಾಕಿಬಿಟ್ಟಿದ್ದಾನೆ. ಈಗಲೇ ವಾಪಸ್ ಹಾಕಿ, ಇಲ್ಲಾಂದ್ರೆ ಅವನ ಸಂಬಳದಲ್ಲಿ ಹಿಡೀತಾರೆ."

ಹುಡುಗನ ಸಂಬಳ ಅಂದ ಕೂಡಲೇ ಮನಸ್ಸು ಕರಗಿತು. ಸಂತೆಯಲ್ಲಿ ತರಕಾರಿ ಚೀಲ ಹಿಡಿದುಕೊಂಡೇ 14,000 ಕಳಿಸಿದೆ. ಸಂಜೆ ಬ್ಯಾಂಕ್ ಆ್ಯಪ್ ತೆಗೆದರೆ ಬಂದದ್ದು ಸೊನ್ನೆ, ಹೋದದ್ದು 14,000. ಆ "ಕ್ರೆಡಿಟೆಡ್" ಮೆಸೇಜು ಬ್ಯಾಂಕಿನ ಹೆಸರಿಂದ ಬಂದಿರಲಿಲ್ಲ. ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿಂದ ಬಂದಿತ್ತು.

ರಾತ್ರಿ ಕೂತು ಆ ಚಾಟ್ ಪೂರ್ತಿ ಓದಿದೆ. ಆಗ ಕಂಡಿದ್ದು ಇದು: ಲೇಬಲ್ ಹೇಗಿರಬೇಕು ಅನ್ನುವ ಬಗ್ಗೆ ಅವನು ಒಂದೇ ಒಂದು ಮಾತು ಆಡಿರಲಿಲ್ಲ. ತಿನ್ನುವ ಪದಾರ್ಥದ ಲೇಬಲ್ ಮಾಡಬೇಕು ಅಂದರೆ ಸುಮ್ನೆ ಆಗುವುದಿಲ್ಲ. ಪೌಚಿನ ಅಳತೆ ಬೇಕು. ತೂಕ, ಎಂಆರ್‌ಪಿ, ತಯಾರಿಸಿದ ದಿನ ಬರೆಯಲು ಜಾಗ ಬಿಡಬೇಕು. ಸಸ್ಯಾಹಾರದ ಹಸಿರು ಚುಕ್ಕೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬೇಕು. ನಾನು ಇದನ್ನೆಲ್ಲ ಕೇಳಿದ್ದೆ. "ಎಲ್ಲ ಆಮೇಲೆ ಕಳಿಸ್ತೀವಿ, ನೀವು ಶುರು ಮಾಡಿ, ಗೂಗಲ್ ಪೇ ನಂಬರ್ ಕೊಡಿ" ಅಂದಿದ್ದ. ನಿಜವಾದ ಪಾರ್ಟಿ ಹೀಗಿರುವುದಿಲ್ಲ ಅಲ್ವಾ? ದುಡ್ಡಿನ ಮಾತು ಬಂದಾಗ ಜಾರಿಕೊಳ್ಳುತ್ತಾರೆ, ಡಿಸೈನ್ ಮಾತು ಬಂದರೆ ತಲೆ ತಿನ್ನುತ್ತಾರೆ. "ಲೋಗೋ ಸ್ವಲ್ಪ ದೊಡ್ಡದು ಮಾಡಿ", "ಆ ಹಸಿರು ಬೇಡ, ಬೇರೆ ಹಸಿರು". ಮೋಸಗಾರನದು ಇದಕ್ಕೆ ಪೂರಾ ಉಲ್ಟಾ. ಅವನಿಗೆ ಡಿಸೈನ್ ಬೇಕೇ ಇಲ್ಲ.

ಹಾಗಾದರೆ ಏನು ಬೇಕು? ನಿಮ್ಮ ದುಡ್ಡು, ಇಲ್ಲವೇ ನಿಮ್ಮ ಬ್ಯಾಂಕ್ ಖಾತೆ, ಇಲ್ಲವೇ ನಿಮ್ಮ ಕಂಪ್ಯೂಟರು. ಕೆಲವರಿಗೆ ನಿಮ್ಮ ಕೆಲಸವೇ ಬೇಕು, ಆದರೆ ಬಿಟ್ಟಿಯಾಗಿ. ಡಿಸೈನರ್‌ಗಳನ್ನೇ ಹುಡುಕಿಕೊಂಡು ಬರುವುದಕ್ಕೂ ಕಾರಣ ಇದೆ. ನಮ್ಮ ನಂಬರು, ಇಮೇಲು ಡಿಸೈನ್ ಕೆಲಸ ತೋರಿಸುವ ತಾಣ ಬಿಹ್ಯಾನ್ಸ್, ಇನ್‌ಸ್ಟಾಗ್ರಾಂಗಳಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಮುಖ ನೋಡದವರ ಜೊತೆ ಕೆಲಸ ಮಾಡುವುದು ನಮಗೆ ದಿನದ ಮಾತು. ಗುರುತಿಲ್ಲದವರು ಕಳಿಸಿದ ಫೈಲು ತೆಗೆಯುವುದೇ ನಮ್ಮ ಕಸುಬು.

ಬಂದ ದುಡ್ಡೂ ಅಪಾಯ

ನನ್ನ ಅದೃಷ್ಟ ಅಂತ ಈಗ ಅನಿಸುತ್ತದೆ. ಅವನು ತೋರಿಸಿದ್ದು ಸುಳ್ಳು ದುಡ್ಡು. ನಿಜವಾದ ದುಡ್ಡೇ ಹಾಕಿದ್ದರೆ ಇನ್ನೂ ದೊಡ್ಡ ಪೇಚಿಗೆ ಬೀಳುತ್ತಿದ್ದೆ.

ಹೇಗೆ ಅಂತ ನೋಡಿ. ಎಲ್ಲೋ ಇನ್ನೊಂದು ರಾಜ್ಯದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಗೆ ಯಾರೋ 50,000 ಮೋಸ ಮಾಡಿದರು ಅಂದುಕೊಳ್ಳಿ. ಕಳ್ಳ ಆ ದುಡ್ಡನ್ನು ತನ್ನ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. ಹಾಕಿಸಿಕೊಂಡರೆ ಸಿಕ್ಕಿಬೀಳುತ್ತಾನೆ. ಅದನ್ನು ನಿಮ್ಮ ಖಾತೆಗೆ "ಡಿಸೈನ್ ಅಡ್ವಾನ್ಸ್" ಅಂತ ಹಾಕಿಸುತ್ತಾನೆ. ಆಮೇಲೆ "ಜಾಸ್ತಿ ಬಂದಿದೆ, ವಾಪಸ್ ಮಾಡಿ" ಅಥವಾ "ನಮ್ಮ ಪ್ರಿಂಟರ್‌ಗೆ ನೀವೇ ಕೊಟ್ಟುಬಿಡಿ" ಅಂತ ಬೇರೊಂದು ಯುಪಿಐ ಐಡಿ ಕೊಡುತ್ತಾನೆ. ನೀವು ಕಳಿಸುತ್ತೀರಿ. ಕದ್ದ ದುಡ್ಡು ನಿಮ್ಮ ಕೈ ದಾಟಿ ಹೋಯಿತು.

ಆ ಮೇಷ್ಟ್ರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡುತ್ತಾರೆ. ದುಡ್ಡು ಯಾವ ಖಾತೆಗೆ ಹೋಯಿತು ಅಂತ ಹುಡುಕಿದರೆ ಮೊದಲು ಸಿಗುವುದು ನಿಮ್ಮ ಹೆಸರು. ಬ್ಯಾಂಕು ಕೆಲವೊಮ್ಮೆ ಅಷ್ಟು ಮೊತ್ತವನ್ನು ಹಿಡಿದಿಡುತ್ತದೆ. ಕೆಲವೊಮ್ಮೆ ಇಡೀ ಖಾತೆಯೇ ಫ್ರೀಜ್. ಮನೆ ಬಾಡಿಗೆ ಹೋಗುವುದಿಲ್ಲ, ಕಂತು ಬೌನ್ಸ್ ಆಗುತ್ತದೆ. ಕೇಸು ಇರುವುದು ಯಾವುದೋ ದೂರದ ಠಾಣೆಯಲ್ಲಿ. ಅಲ್ಲಿನ ತನಿಖಾಧಿಕಾರಿಗೆ ಚಾಟು, ಬಿಲ್ಲು ಎಲ್ಲ ಕಳಿಸಿ "ನಾನು ಲೇಬಲ್ ಮಾಡುವವನು ಸ್ವಾಮಿ" ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಅಮೆರಿಕದಲ್ಲಿ ಇದೇ ಆಟ ಚೆಕ್ಕಿನಲ್ಲಿ ನಡೆಯುತ್ತದೆ. ಅಲ್ಲಿ ಫ್ರೀಲಾನ್ಸ್ ಮಾಡುವ ನಮ್ಮವರಿಗೂ ಇದು ಗೊತ್ತಿರಲಿ. ಚೆಕ್ ಹಾಕಿದ ಒಂದೆರಡು ದಿನಕ್ಕೇ ದುಡ್ಡು ಖಾತೆಯಲ್ಲಿ ಕಾಣುತ್ತದೆ, ತೆಗೆಯಲೂ ಬಿಡುತ್ತಾರೆ. ಚೆಕ್ ಖೋಟಾ ಅಂತ ಗೊತ್ತಾಗಲು ವಾರಗಳೇ ಬೇಕಾಗಬಹುದು. ಅಷ್ಟರಲ್ಲಿ ನೀವು "ಜಾಸ್ತಿ ಬಂದದ್ದನ್ನು" ವಾಪಸ್ ಕಳಿಸಿರುತ್ತೀರಿ. ಬ್ಯಾಂಕು ಆ ಚೆಕ್ಕಿನ ಪೂರ್ತಿ ಮೊತ್ತವನ್ನು ನಿಮ್ಮಿಂದಲೇ ವಸೂಲು ಮಾಡುತ್ತದೆ.

ಆದ್ದರಿಂದ ಸ್ಕ್ರೀನ್‌ಶಾಟ್ ನಂಬಬೇಡಿ, ಎಸ್ಸೆಮ್ಮೆಸ್ಸೂ ನಂಬಬೇಡಿ. ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ. ನಿಜಕ್ಕೂ ಜಾಸ್ತಿ ಬಂದಿದ್ದರೆ ನೀವಾಗಿ ಕಳಿಸಬೇಡಿ. ನಿಮ್ಮ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಬ್ಯಾಂಕಿನ ಮೂಲಕವೇ ಹೋಗಲಿ. ಎರಡು ದಿನ ತಡವಾದರೆ ನಿಜವಾದ ಕಂಪನಿಗೆ ಏನೂ ಆಗುವುದಿಲ್ಲ.

ಯುಪಿಐ ವಿಷಯದಲ್ಲಿ ಒಂದೇ ಮಾತು. ದುಡ್ಡು ಪಡೆಯಲು ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಎರಡೂ ಇರುವುದು ಕೊಡಲಿಕ್ಕೆ. "ನಾವು ಮಿಲಿಟರಿಯವರು, ನಮ್ಮ ಸಿಸ್ಟಂ ಬೇರೆ, ಮೊದಲು ನೀವು 1 ರೂಪಾಯಿ ಹಾಕಿ" ಅನ್ನುವ ಕರೆ ಫೋಟೊಗ್ರಾಫರ್‌ಗಳಿಗೆ, ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಬರುತ್ತಲೇ ಇದೆ. ಯಾವ ಸೇನೆಯಲ್ಲೂ ಅಂಥ ಸಿಸ್ಟಂ ಇಲ್ಲ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐಯಲ್ಲಿ ಕಳಿಸುತ್ತಿದ್ದ "ಕಲೆಕ್ಟ್ ರಿಕ್ವೆಸ್ಟ್", ಅಂದರೆ ದುಡ್ಡು ಕೇಳುವ ಮನವಿಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಇದರಿಂದ ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಬಾಗಿಲು ಇನ್ನೂ ತೆರೆದೇ ಇದೆ.

ಶುಲ್ಕ ಕೇಳುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋಂದಣಿ ಶುಲ್ಕ, ಐಡಿ ಕಾರ್ಡ್ ಶುಲ್ಕ, ಲ್ಯಾಪ್‌ಟಾಪ್ ಡಿಪಾಸಿಟ್, ಎಲ್ಲವೂ ಒಂದೇ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಆದರೆ "ಟಿಡಿಎಸ್ ಡಿಪಾಸಿಟ್" ಅಂದಾಗ ಓದಿದವರೂ ಎಡವುತ್ತಾರೆ. ಟಿಡಿಎಸ್ ಅಂದರೆ ಕ್ಲೈಂಟು ನಿಮಗೆ ಕೊಡುವ ದುಡ್ಡಿನಲ್ಲಿ ಮುರಿದುಕೊಳ್ಳುವ ತೆರಿಗೆ. ನಮ್ಮಂಥ ವೃತ್ತಿ ಸೇವೆಗೆ ಸಾಮಾನ್ಯವಾಗಿ 10%. ಅದು ನಿಮ್ಮ ಪ್ಯಾನ್ ಹೆಸರಲ್ಲಿ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾಣುತ್ತದೆ. ನೀವು ಕ್ಲೈಂಟಿಗೆ ಟಿಡಿಎಸ್ ಕಟ್ಟುವ ಪದ್ಧತಿಯೇ ಇಲ್ಲ.

ವಿದೇಶದ ಹೆಸರಲ್ಲಿ ಬರುವವರು ಪೇಪಾಲ್‌ನಿಂದ ಬಂದಂತೆ ಕಾಣುವ ಇಮೇಲ್ ಕಳಿಸುತ್ತಾರೆ: "ನಿಮ್ಮ ಹಣ ತಡೆಹಿಡಿಯಲಾಗಿದೆ, ಬಿಡಿಸಲು ಇಷ್ಟು ಡಾಲರ್ ಕಟ್ಟಿ." ಇಮೇಲಿನ ಲಿಂಕ್ ಒತ್ತದೆ, ನೀವೇ ಪೇಪಾಲ್‌ಗೆ ಲಾಗಿನ್ ಆಗಿ ನೋಡಿ. ಅಲ್ಲಿ ಇಲ್ಲದ ದುಡ್ಡು ಎಲ್ಲೂ ಇಲ್ಲ. ಇನ್ನೊಂದು ವಿಷಯ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್ 1ರಿಂದಲೇ ನಿಲ್ಲಿಸಿದೆ. ಪುಣೆಯ ಕಂಪನಿ ಅಂತ ಹೇಳಿ "ಪೇಪಾಲಲ್ಲಿ ಹಾಕಿದ್ದೀವಿ" ಅಂದರೆ ಮಾತು ಅಲ್ಲಿಗೇ ಮುಗಿಸಿ.

ಬ್ರೀಫ್ ಅಲ್ಲ, ಬಲೆ

ಏನು ಕೆಲಸ ಬೇಕು ಅಂತ ಪಾರ್ಟಿ ಕಳಿಸುವ ವಿವರಕ್ಕೆ ನಾವು ಬ್ರೀಫ್ ಅನ್ನುತ್ತೇವೆ. 2022ರಲ್ಲಿ ಡೀವಿಯಂಟ್‌ಆರ್ಟ್, ಪಿಕ್ಸಿವ್‌ಗಳಲ್ಲಿ ಚಿತ್ರ ಹಾಕುವ ಕಲಾವಿದರಿಗೆ ಒಂದು ಮೆಸೇಜ್ ಹೋಗುತ್ತಿತ್ತು. ಒಂದು ಎನ್‌ಎಫ್‌ಟಿ (ಡಿಜಿಟಲ್ ಚಿತ್ರ ಮಾರುವ) ಯೋಜನೆಯ ಹೆಸರು ಹೇಳಿಕೊಂಡು, ಚಿತ್ರ ಬರೆಯುವವರು ಬೇಕಾಗಿದ್ದಾರೆ, ದಿನಕ್ಕೆ 200ರಿಂದ 350 ಡಾಲರ್ ಕೊಡುತ್ತೇವೆ ಅಂತ ಆಸೆ. ಸ್ಯಾಂಪಲ್ ನೋಡಲು ಒಂದು ಡೌನ್‌ಲೋಡ್ ಲಿಂಕು. ಅದರಲ್ಲಿ ಪಾಸ್‌ವರ್ಡ್ ಹಾಕಿದ ರಾರ್ ಫೈಲು, ಅಂದರೆ ಹಲವು ಫೈಲುಗಳ ಒಂದು ಗಂಟು. ತೆಗೆದರೆ ಒಳಗೆ ಸಾಲಾಗಿ ಜಿಫ್ ಚಿತ್ರಗಳು. ಅವುಗಳ ನಡುವೆ ಒಂದು ಮಾತ್ರ ಚಿತ್ರವಾಗಿರಲಿಲ್ಲ. ಜಿಫ್ ಥರ ಕಾಣುವ ಪ್ರೋಗ್ರಾಂ. ಡಬಲ್ ಕ್ಲಿಕ್ ಮಾಡಿದರೆ ಕಂಪ್ಯೂಟರಿನಲ್ಲಿದ್ದ ಪಾಸ್‌ವರ್ಡ್‌ಗಳು ಕಳ್ಳನ ಪಾಲು. ಕಂಪ್ಯೂಟರ್ ಸುರಕ್ಷತೆಯ ಕಂಪನಿ ಮಾಲ್‌ವೇರ್‌ಬೈಟ್ಸ್ ಇದನ್ನು ಆಗ ಬಯಲಿಗೆ ತಂದಿತ್ತು.

ಫೈಲಿಗೆ ಪಾಸ್‌ವರ್ಡ್ ಯಾಕೆ? ಗುಟ್ಟು ಕಾಪಾಡಲು ಅಂದುಕೊಳ್ಳುತ್ತೇವೆ. ಅಸಲಿಗೆ ಪಾಸ್‌ವರ್ಡ್ ಇದ್ದರೆ ಇಮೇಲಿನ, ಬ್ರೌಸರಿನ ವೈರಸ್ ತಪಾಸಣೆ ಒಳಗೆ ಇಣುಕಲು ಆಗುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಚೆಕ್‌ಪೋಸ್ಟ್ ದಾಟಿಸಿ, ಬೀಗದಕೈಯನ್ನು ಮಾತ್ರ ನಿಮಗೆ ಕೊಟ್ಟಂತೆ.

ಇನ್ನೊಂದು ಸಹಾಯವನ್ನು ವಿಂಡೋಸೇ ಮಾಡಿಕೊಡುತ್ತದೆ. ಫೈಲಿನ ಕೊನೆಯ ಬಾಲ, ಅಂದರೆ ಎಕ್ಸ್‌ಟೆನ್ಷನ್ ಅನ್ನು ಅದು ತಾನಾಗಿಯೇ ಮರೆಮಾಡಿರುತ್ತದೆ. ಹೆಸರು "ಬ್ರೀಫ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಅಂತಿದ್ದರೆ ನಿಮಗೆ ಕಾಣುವುದು "ಬ್ರೀಫ್ ಡಾಟ್ ಪಿಡಿಎಫ್" ಮಾತ್ರ. ಪಕ್ಕದಲ್ಲಿ ಪಿಡಿಎಫ್ ಚಿತ್ರವನ್ನೂ ಅಂಟಿಸಿರುತ್ತಾರೆ. ಈಗಲೇ ಒಂದು ಕೆಲಸ ಮಾಡಿ. ಯಾವುದಾದರೂ ಫೋಲ್ಡರ್ ತೆಗೆಯಿರಿ. ಮೇಲೆ 'ವ್ಯೂ', ಅದರಲ್ಲಿ 'ಶೋ', ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್'. ಅದಕ್ಕೆ ಟಿಕ್ ಹಾಕಿ. ವಿಂಡೋಸ್ 11ರಲ್ಲಿ ದಾರಿ ಇದೇ. ಇನ್ನು ಮೇಲೆ ಕೊನೆಯಲ್ಲಿ ಇಎಕ್ಸ್‌ಇ ಅಥವಾ ಎಸ್‌ಸಿಆರ್ ಅಂತ ಕಂಡರೆ ಅದು ಬ್ರೀಫ್ ಅಲ್ಲ, ಪ್ರೋಗ್ರಾಂ. ಮೊಬೈಲಿನಲ್ಲಿ ಇದರ ತಮ್ಮ, ಆ್ಯಪ್ ಹಾಕುವ ಎಪಿಕೆ ಫೈಲು.

ಇಂಥ ಪ್ರೋಗ್ರಾಂಗಳು ಬ್ರೌಸರಿನಲ್ಲಿ ನೀವು ಲಾಗಿನ್ ಆಗಿರುವ ಗುರುತನ್ನೇ ಎತ್ತಿಕೊಂಡು ಹೋಗುತ್ತವೆ. ಆಗ ಒಟಿಪಿ ಇದ್ದರೂ ಪ್ರಯೋಜನ ಇಲ್ಲ, ಯಾಕಂದರೆ ಅವರು ಹೊಸದಾಗಿ ಲಾಗಿನ್ ಆಗುವುದೇ ಇಲ್ಲ. ನಿಮ್ಮ ಮಾತು ಹಾಗಿರಲಿ, ನೀವು ನೋಡಿಕೊಳ್ಳುತ್ತಿರುವ ಕ್ಲೈಂಟಿನ ಫೇಸ್‌ಬುಕ್ ಪೇಜು, ಜಾಹೀರಾತಿನ ಖಾತೆ ಎಲ್ಲ ಹೋಗುತ್ತದೆ.

ನಮ್ಮ ಕಡೆ ಪಾರ್ಟಿಗಳ ಬ್ರೀಫ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಹಳೇ ವಿಸಿಟಿಂಗ್ ಕಾರ್ಡಿನ ಓರೆಯಾದ ಫೋಟೊ, ಜೊತೆಗೆ ಎರಡು ನಿಮಿಷದ ವಾಯ್ಸ್ ಮೆಸೇಜು, ಹಿಂದೆ ಕುಕ್ಕರ್ ಸೀಟಿ. ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸುವಷ್ಟು ಶಿಸ್ತಿನ ಪಾರ್ಟಿ ಬಂದರೆ "ಪಿಡಿಎಫ್ ಮಾಡಿ ಗೂಗಲ್ ಡ್ರೈವ್‌ನಲ್ಲಿ ಹಾಕಿ" ಅನ್ನಿ. ನಿಜದವರು ಹಾಕುತ್ತಾರೆ.

ಆರನೇ ಅಕ್ಷರ

ಹೊಸ ಪಾರ್ಟಿ ಕಂಪನಿ ಅಂತ ಹೇಳಿಕೊಂಡರೆ ನಾನು ಈಗ ಜಿಎಸ್‌ಟಿ ನಂಬರ್ ಕೇಳುತ್ತೇನೆ. "ಬಿಲ್ ಹಾಕಬೇಕು" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅದರಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಆ ವ್ಯಾಪಾರದ ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ನೋಡಿ. ಅದು 'ಸಿ' ಆಗಿದ್ದರೆ ಕಂಪನಿ, 'ಎಫ್' ಆಗಿದ್ದರೆ ಪಾಲುದಾರಿಕೆ, 'ಪಿ' ಆಗಿದ್ದರೆ ಒಬ್ಬ ವ್ಯಕ್ತಿ. "ಪ್ರೈವೇಟ್ ಲಿಮಿಟೆಡ್" ಅಂತ ಲೆಟರ್‌ಹೆಡ್ ಇದ್ದು ಆರನೇ ಜಾಗದಲ್ಲಿ 'ಪಿ' ಇದ್ದರೆ ಅಲ್ಲೇ ಏನೋ ಎಡವಟ್ಟು. ಜಿಎಸ್‌ಟಿ ವೆಬ್‌ಸೈಟಿನ 'ಸರ್ಚ್ ಟ್ಯಾಕ್ಸ್‌ಪೇಯರ್'ನಲ್ಲಿ ಆ ನಂಬರ್ ಹಾಕಿದರೆ ಲಾಗಿನ್ ಇಲ್ಲದೆಯೇ ಹೆಸರು, ನೋಂದಣಿಯ ದಿನ ಸಿಗುತ್ತದೆ.

ನಂಬರ್ ಸರಿ ಇದ್ದ ಮಾತ್ರಕ್ಕೆ ಮನುಷ್ಯ ಸರಿ ಅಂತಲ್ಲ. ದೊಡ್ಡ ಕಂಪನಿಯ ಬಿಲ್ಲಿಂದ ನಂಬರ್ ಕದ್ದು ಕೊಡಬಹುದು. ಅದಕ್ಕೆ ಆ ಕಂಪನಿಯ ವೆಬ್‌ಸೈಟು ನೀವೇ ಹುಡುಕಿ, ಅಲ್ಲಿರುವ ನಂಬರಿಗೆ ಫೋನ್ ಮಾಡಿ. ಅವನು ಕೊಟ್ಟ ನಂಬರಿಗಲ್ಲ. ಇಮೇಲ್ ವಿಳಾಸವನ್ನು ಒಂದೊಂದೇ ಅಕ್ಷರ ಓದಿ. ಇಂಗ್ಲಿಷಿನ 'ಆರ್' ಮತ್ತು 'ಎನ್' ಒತ್ತೊತ್ತಾಗಿ ಬಂದರೆ 'ಎಂ' ಥರ ಕಾಣುತ್ತದೆ. ಅಕ್ಷರಗಳ ನಡುವಿನ ಅಂತರ ನೋಡುವುದೇ ನಮ್ಮ ಕಸುಬು, ನಾವೂ ಇದರಲ್ಲಿ ಮೋಸ ಹೋದರೆ ಹೇಗೆ? ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ಇಲ್ಲದೆ ಇರಬಹುದು, ಅದೇನೂ ತಪ್ಪಲ್ಲ. ಅವರಿಗೆ ಅಂಗಡಿ ಇರುತ್ತದೆ, ಗೂಗಲ್ ಮ್ಯಾಪಲ್ಲಿ ಸಿಗುತ್ತದೆ, ವಿಡಿಯೊ ಕಾಲ್ ಮಾಡಿದರೆ ತೋರಿಸುತ್ತಾರೆ.

ಅಪ್‌ವರ್ಕ್‌ನಂಥ ತಾಣದಲ್ಲಿ ಕೆಲಸ ಹುಡುಕುವವರಿಗೆ ಇನ್ನೊಂದು ಮಾತು. ಅಲ್ಲಿ ಫಿಕ್ಸೆಡ್ ಪ್ರೈಸ್ ಕೆಲಸಕ್ಕೆ ಕ್ಲೈಂಟಿನ ದುಡ್ಡು ಮೊದಲೇ ಎಸ್ಕ್ರೋದಲ್ಲಿ ಬಂದು ಕೂರುತ್ತದೆ. ಅಂದರೆ ಮಧ್ಯಸ್ಥರ ಕೈಯಲ್ಲಿ. ಕಾಂಟ್ರ್ಯಾಕ್ಟ್ ಆಗುವ ಮುಂಚೆಯೇ "ಟೆಲಿಗ್ರಾಂಗೆ ಬನ್ನಿ, ಕಮಿಷನ್ ಉಳಿಸೋಣ" ಅನ್ನುವವನು ನಿಮ್ಮನ್ನು ಆ ಮಧ್ಯಸ್ಥರಿಂದ ದೂರ ಕರೆದುಕೊಂಡು ಹೋಗುತ್ತಿದ್ದಾನೆ.

ಓಪನ್ ಫೈಲ್ ಕೊನೆಗೆ

ಕೆಲಸವನ್ನೇ ಕದಿಯುವವರು ಬೇರೆ ಜಾತಿ. "ಸ್ಯಾಂಪಲ್ ಒಂದು ಪೇಜ್ ಮಾಡಿ ಕೊಡಿ, ಇಷ್ಟ ಆದ್ರೆ ಇಡೀ ಪುಸ್ತಕ ನಿಮಗೇ" ಅಂತ ಇಪ್ಪತ್ತು ಜನರಿಗೆ ಇಪ್ಪತ್ತು ಬೇರೆ ಬೇರೆ ಪುಟ ಕೊಟ್ಟರೆ ಪುಸ್ತಕ ಬಿಟ್ಟಿಯಾಗಿ ಮುಗಿಯಿತು. ನನ್ನ ಹಳೇ ಕೆಲಸ ತೋರಿಸುತ್ತೇನೆ. ಹೊಸ ಸ್ಯಾಂಪಲ್ ಬೇಕಂದರೆ ಅದಕ್ಕೂ ಒಂದು ರೇಟು.

ಅರ್ಧ ಅಡ್ವಾನ್ಸ್ ಬರದೆ ಫೈಲ್ ತೆರೆಯುವುದಿಲ್ಲ. ಪ್ರೂಫ್ ಕಳಿಸುವುದು ಕಡಿಮೆ ರೆಸಲ್ಯೂಷನ್ನಿನ ಜೆಪೆಗ್, ಮೇಲೆ ಅಡ್ಡಲಾಗಿ ವಾಟರ್‌ಮಾರ್ಕ್. ಓಪನ್ ಫೈಲು, ಅಂದರೆ ತಿದ್ದಲು ಬರುವ ಕೋರಲ್ ಫೈಲು, ಕರ್ವ್ಸ್ ಮಾಡಿದ (ಅಕ್ಷರಗಳನ್ನು ಆಕಾರವಾಗಿ ಬದಲಿಸಿದ) ಪಿಡಿಎಫ್ ಎಲ್ಲ ಬ್ಯಾಲೆನ್ಸ್ ಬಂದ ಮೇಲೆ. ಓಪನ್ ಫೈಲ್ ಕೊಟ್ಟು ಆಮೇಲೆ ಬ್ಯಾಲೆನ್ಸ್ ಕೇಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕಾನೂನಿನಲ್ಲಿ ನಮ್ಮ ಪರ ಒಂದು ಮಾತಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿ ಹಾಕಿ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಆದ್ದರಿಂದ ಎಸ್ಟಿಮೇಟ್ ಕಳಿಸುವಾಗಲೇ ಒಂದು ಸಾಲು ಸೇರಿಸಿ: "ಪೂರ್ತಿ ಹಣ ಬಂದ ಮೇಲೆಯೇ ಈ ಡಿಸೈನಿನ ಹಕ್ಕು ನಿಮ್ಮದಾಗುತ್ತದೆ." ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಪೇಂಟಿಂಗಿಗೆ ನಿಯಮ ಬೇರೆ. ಅಲ್ಲಿ ಒಪ್ಪಂದದಲ್ಲಿ ಬೇರೆ ಥರ ಬರೆದಿರದಿದ್ದರೆ ದುಡ್ಡು ಕೊಟ್ಟವರೇ ಮೊದಲ ಹಕ್ಕುದಾರರು. ಚಿತ್ರ ಬರೆದುಕೊಡುವವರಿಗೆ ಆ ಸಾಲು ಇನ್ನೂ ಮುಖ್ಯ.

ಕೆಲಸ ನಿಜ, ಪಾರ್ಟಿ ನಿಜ, ದುಡ್ಡು ಮಾತ್ರ ಬರುತ್ತಿಲ್ಲ ಅಂದರೆ ಅದು ಮೋಸಕ್ಕಿಂತ ಸತಾವಣೆ. ಅದಕ್ಕೆ ಉದ್ಯಮ್ ನೋಂದಣಿ ಮಾಡಿಸಿಡಿ. ಒಬ್ಬರೇ ಕೆಲಸ ಮಾಡುವ ಡಿಸೈನರ್ ಕೂಡ ಸೂಕ್ಷ್ಮ ಉದ್ಯಮ ಅಂತ ನೋಂದಾಯಿಸಬಹುದು. ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಶುಲ್ಕ ಕೇಳುವ ವೆಬ್‌ಸೈಟು ದಲ್ಲಾಳಿಯದು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕೆಲಸ ಒಪ್ಪಿಕೊಂಡ ಕಂಪನಿ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಶುರು ಮಾಡುವ ಮುಂಚೆಯೇ ನೋಂದಣಿ ಇರಲಿ, ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಇರಲಿ. ಆ ನಂಬರ್ ನೋಡಿಯೇ ಎಷ್ಟೋ ಅಕೌಂಟೆಂಟ್‌ಗಳು ಚುರುಕಾಗುತ್ತಾರೆ.

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ. ನಾನು ಒಂದು ರಾತ್ರಿ ಹಾಗೆ ಕೂತೆ, ಅದೇ ತಪ್ಪಾಯಿತು. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ನಿಮಿಷಗಳಲ್ಲಿ ದಾಟಿಸುತ್ತಾರೆ. ಅದು ಎಲ್ಲಾದರೂ ನಿಂತಿರುವಾಗಲೇ ತಡೆಯಬೇಕು. ಮೊದಲು 1930ಕ್ಕೆ ಫೋನ್ ಮಾಡಿ. ಕೇಳುವುದು ಎಷ್ಟು ಹೊತ್ತಿಗೆ, ಎಷ್ಟು, ಯಾವ ಖಾತೆಗೆ, ಯುಟಿಆರ್ ನಂಬರ್ ಏನು ಅಂತ. ಯುಟಿಆರ್ ಅಂದರೆ ಆ ಪಾವತಿಯ ಗುರುತಿನ ನಂಬರ್. ಯುಪಿಐಯಲ್ಲಿ ಅದು 12 ಅಂಕಿಯದು, ಆ್ಯಪಿನ ಹಿಸ್ಟರಿಯಲ್ಲಿ ಇರುತ್ತದೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ. ನಿಮ್ಮ ಊರಿನ ಸೈಬರ್ ಪೊಲೀಸ್ ಠಾಣೆಗೂ ಹೋಗಿ, ಕರ್ನಾಟಕದಲ್ಲಿ ಅದಕ್ಕೆ ಸೆನ್ ಠಾಣೆ ಅನ್ನುತ್ತಾರೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಇನ್ನು ಕೆಲವು ದಿನಕ್ಕೆ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೈಲ್ ಚಾರ್ಜ್ ಕಟ್ಟಿ" ಅಂತ ಇನ್ನೊಬ್ಬ ಫೋನ್ ಮಾಡಬಹುದು. ಅವನೂ ಆ ಗುಂಪಿನವನೇ.

ಹೋದ ತಿಂಗಳು ಶಿರಸಿ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಹಲಸಿನ ಹಪ್ಪಳಕ್ಕೆ ಲೇಬಲ್ ಬೇಕಂತೆ. 3,500 ಹೇಳಿದೆ. "ಅಷ್ಟೊಂದಾ? ಎರಡೂವರೆ ಮಾಡು ತಮ್ಮಾ" ಅಂದರು. ಎಫ್‌ಎಸ್‌ಎಸ್‌ಎಐ ಸರ್ಟಿಫಿಕೇಟಿನ ಫೋಟೊ ಕಳಿಸಿ ಅಂದೆ, ಗೋಡೆಗೆ ತೂಗುಹಾಕಿದ ಫ್ರೇಮಿನ ಸಮೇತ ಬಂತು. 2,800ಕ್ಕೆ ಮಾತು ಮುಗಿಯಿತು. ಅರ್ಧ ಅಡ್ವಾನ್ಸ್ ಹಾಕಿ ಅಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: "ಈಗೆಲ್ಲ ಮೋಸ ಜಾಸ್ತಿ ಅಂತಾರೆ. ದುಡ್ಡು ಹಾಕಿದ ಮೇಲೆ ನೀನು ಫೋನ್ ಎತ್ತುತ್ತೀಯ ತಾನೇ?"

ವಿಡಿಯೊ ಕಾಲ್ ಮಾಡಿ, ನನ್ನ ಟೇಬಲ್ಲು, ಕಂಪ್ಯೂಟರು, ಗೋಡೆಗೆ ಅಂಟಿಸಿದ ಹಳೇ ಲೇಬಲ್ಲುಗಳನ್ನೆಲ್ಲ ತೋರಿಸಿದೆ.